ಪೆಟ್ಟಿಗೆಯ ಮೇಲೆ ಆರ್‌ಎಕ್ಸ್ 580, ಒಳಗೆ 2048 ಶೇಡರ್: ನನ್ನ ಕಾರ್ಡ್ ನಕಲಿಯೇ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಏಳೂವರೆ ಸಾವಿರ ರೂಪಾಯಿ ಕೊಟ್ಟು 8 ಜಿಬಿಯ ರೇಡಿಯಾನ್ ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡ್ ಕೊಂಡೆ. ಶಿವಮೊಗ್ಗಕ್ಕೆ ತಂದು ಜೋಡಿಸಿ, ಕಾರ್ಡಿನ ವಿವರ ತೋರಿಸುವ ಜಿಪಿಯು-ಜೆಡ್ ತಂತ್ರಾಂಶವನ್ನು ತೆರೆದು ನೋಡಿದಾಗ ‘ಶೇಡರ್ಸ್’ (ಚಿತ್ರದ ಲೆಕ್ಕ ಮಾಡುವ ಚಿಕ್ಕ ಘಟಕಗಳು) ಎಂಬ ಚೌಕದಲ್ಲಿ 2048 ಎಂದು ಕಂಡಿತು. ನನ್ನ ಗೆಳೆಯ 2017ರಲ್ಲಿ ಕೊಂಡ ಆರ್‌ಎಕ್ಸ್ 580ರಲ್ಲಿ ಅದೇ ಚೌಕ 2304 ಎಂದು ತೋರಿಸುತ್ತದೆ. ಮತ್ತೊಮ್ಮೆ ದಿಟ್ಟಿಸಿ ನೋಡಿದರೆ ಹೆಸರಿನ ಸಾಲಿನಲ್ಲೂ ‘2048ಎಸ್‌ಪಿ’ ಎಂಬ ಬಾಲವೊಂದಿತ್ತು. ಪೆಟ್ಟಿಗೆಯ ಮುಂಭಾಗದಲ್ಲಿ ಅಂಗೈಯಗಲದ ಅಕ್ಷರಗಳಲ್ಲಿ ಆರ್‌ಎಕ್ಸ್ 580 ಎಂದಷ್ಟೇ ಅಚ್ಚಾಗಿದೆ. ಬಿಲ್ಲಿನಲ್ಲೂ ಅಷ್ಟೇ ಇದೆ.

ಕಾರ್ಡ್ ಕೆಲಸವನ್ನೇನೋ ಮಾಡುತ್ತಿದೆ. ಆದರೆ ಇದು ಬಯಾಸ್ (ಕಾರ್ಡಿನೊಳಗೇ ಇರುವ ಮೂಲ ತಂತ್ರಾಂಶ) ತಿದ್ದಿ ಮಾರಿದ ನಕಲಿ ಮಾಲೋ, ಅಥವಾ ಕಂಪನಿಯೇ ಹಳೆಯ ಕಾರ್ಡಿಗೆ ಹೊಸ ಹೆಸರಿಟ್ಟು ಬಿಟ್ಟದ್ದೋ ತಿಳಿಯುತ್ತಿಲ್ಲ. ಎರಡನೆಯದೇ ಆಗಿದ್ದರೆ, ಹಾಗೆ ಹೆಸರು ಬದಲಿಸುವುದು ಈ ವ್ಯಾಪಾರದಲ್ಲಿ ಸಾಮಾನ್ಯವೇ? ಗೆಳೆಯನ ಕಾರ್ಡಿನ ಬಯಾಸನ್ನು ಇದಕ್ಕೆ ತುಂಬಿದರೆ ಉಳಿದ 256 ಶೇಡರ್‌ಗಳು ಸಿಗುತ್ತವೆಯೇ?

ಹಳೇಮದರ್‌ಬೋರ್ಡ್

ನಕಲಿ ಎನ್ನಲಾಗದು. ನಕಲಿ ಕಾರ್ಡಿನ ಕಥೆಯೇ ಬೇರೆ: ಎನ್ವಿಡಿಯಾ ಕಂಪನಿಯ ಜಿಟಿಎಕ್ಸ್ 550 ಟಿಐನಂಥ, ಫರ್ಮಿ ಎಂಬ ಹಳೆಯ ಪೀಳಿಗೆಯ ಚಿಪ್ಪಿಗೆ ತಿದ್ದಿದ ಬಯಾಸ್ ತುಂಬಿ, ಅದು ತನ್ನನ್ನು ಜಿಟಿಎಕ್ಸ್ 1050 ಟಿಐ ಎಂದು ಪರಿಚಯಿಸಿಕೊಳ್ಳುವಂತೆ ಮಾಡಿ ಮಾರುತ್ತಿದ್ದರು. ಆ ಹಾವಳಿ ಎಷ್ಟಾಯಿತೆಂದರೆ, ಅಂಥ ಎನ್ವಿಡಿಯಾ ಕಾರ್ಡುಗಳನ್ನು ಗುರುತಿಸಿ ಹೆಸರಿನ ಹಿಂದೆಯೇ ‘ಫೇಕ್’ ಎಂದು ತೋರಿಸುವ ಏರ್ಪಾಡನ್ನು ಜಿಪಿಯು-ಜೆಡ್ 2018ರಲ್ಲಿ ಸೇರಿಸಬೇಕಾಯಿತು. ನಿಮ್ಮ ಕಾರ್ಡಿಗೆ ಆ ಹೆಸರನ್ನು ಕೊಟ್ಟಿರುವುದು ರೇಡಿಯಾನ್ ಚಿಪ್ಪುಗಳ ಕಂಪನಿ ಎಎಂಡಿಯೇ.

ಎಎಂಡಿಯ ಪೊಲಾರಿಸ್ ಪೀಳಿಗೆಯ ದೊಡ್ಡ ಚಿಪ್ಪಿನಲ್ಲಿ 36 ಕಂಪ್ಯೂಟ್ ಯೂನಿಟ್‌ಗಳಿವೆ, ಒಂದೊಂದರಲ್ಲಿ 64 ಶೇಡರ್, ಒಟ್ಟು 2304. ಜೂನ್ 2016ರಲ್ಲಿ ಅದು ಆರ್‌ಎಕ್ಸ್ 480 ಆಗಿ ಬಂದಿತು. ಏಪ್ರಿಲ್ 2017ರಲ್ಲಿ ಅದೇ ವಿನ್ಯಾಸ, ಬೂಸ್ಟ್ ವೇಗ 1266ರಿಂದ 1340 ಮೆಗಾಹರ್ಟ್ಸ್‌ಗೆ ಏರಿ, ಆರ್‌ಎಕ್ಸ್ 580 ಎಂಬ ಹೆಸರು ಪಡೆಯಿತು. ತಯಾರಿಕೆಯಲ್ಲಿ ಕೆಲವು ಯೂನಿಟ್ ಕೆಟ್ಟಿರುವ ಚಿಪ್ಪುಗಳನ್ನು ಯಾರೂ ಎಸೆಯುವುದಿಲ್ಲ. ನಾಲ್ಕು ಯೂನಿಟ್ ಮುಚ್ಚಿ, 32 ಇಟ್ಟುಕೊಂಡು, ಆರ್‌ಎಕ್ಸ್ 470 ಮತ್ತು 570 ಎಂದು ಕಡಿಮೆ ಬೆಲೆಗೆ ಮಾರಿದರು. ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ, ಏಕೆಂದರೆ ಕಡಿಮೆ ಮಾಲಿಗೆ ಕಡಿಮೆ ಸಂಖ್ಯೆ ಇತ್ತು. ಅಕ್ಟೋಬರ್ 2018ರಲ್ಲಿ ಚೀನಾದ ಮಾರುಕಟ್ಟೆಗೆಂದು, ಸದ್ದುಗದ್ದಲವಿಲ್ಲದೆ, ಅದೇ 32 ಯೂನಿಟ್‌ಗಳ ಕಾರ್ಡ್ ‘ಆರ್‌ಎಕ್ಸ್ 580 2048ಎಸ್‌ಪಿ’ ಎಂಬ ಹೆಸರಿನಲ್ಲಿ ಹೊರಟಿತು. ನಿಮ್ಮ ಕೈಯಲ್ಲಿರುವುದು ಅದು. ಒಳಗಿನ ಲೆಕ್ಕದಲ್ಲಿ ಆರ್‌ಎಕ್ಸ್ 570. ಕಾಗದದ ಮೇಲಿನ ಸಾಮರ್ಥ್ಯ ಸುಮಾರು 5.3 ಟೆರಾಫ್ಲಾಪ್ (ಸೆಕೆಂಡಿಗೆ ಲಕ್ಷ ಕೋಟಿ ಲೆಕ್ಕ ಮಾಡಿದರೆ ಒಂದು ಟೆರಾಫ್ಲಾಪ್), ನಿಮ್ಮ ಗೆಳೆಯನದು 6.17.

ಖಚಿತಪಡಿಸಿಕೊಳ್ಳಲು ಜಿಪಿಯು-ಜೆಡ್‌ನಲ್ಲಿ ‘ಡಿವೈಸ್ ಐಡಿ’ ಸಾಲನ್ನು ನೋಡಿ. 470, 480, 570, 580 ನಾಲ್ಕಕ್ಕೂ 67ಡಿಎಫ್ ಎಂದಿರುತ್ತದೆ. 2048ಎಸ್‌ಪಿಗೆ ಮಾತ್ರ 6ಎಫ್‌ಡಿಎಫ್. ಅಂದರೆ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಬರೆಯುವವರಿಗೆ ಬೇರೆ ಗುರುತು ಕೊಟ್ಟಿದ್ದಾರೆ, ಪೆಟ್ಟಿಗೆ ಕೊಳ್ಳುವವನಿಗೆ ಕೊಟ್ಟಿಲ್ಲ.

ಬಯಾಸ್ ವಿಚಾರಕ್ಕೆ ಕೈ ಹಾಕಬೇಡಿ. ಆರ್‌ಎಕ್ಸ್ 460 ಬಂದ ಹೊಸದರಲ್ಲಿ, 2016ರಲ್ಲಿ, ಕೆಲವರು ಬಯಾಸ್ ಬದಲಿಸಿ 896 ಶೇಡರ್‌ಗಳನ್ನು 1024 ಮಾಡಿಕೊಂಡದ್ದು ನಿಜ. ಅದನ್ನು ಕೇಳಿಯೇ ಈಗಲೂ ಜನ ಎಲ್ಲ ಕಾರ್ಡಿಗೂ ಅದೇ ಮಂತ್ರ ಹಾಕಲು ಹೋಗಿ ಕಪ್ಪು ಪರದೆ ನೋಡಿಕೊಂಡು ಕೂರುತ್ತಾರೆ.

ಗಡಿಯಾಚೆ

ಹೆಸರು ಬದಲಿಸುವುದು ಸಾಮಾನ್ಯವೇ ಎಂಬ ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಈ ಪದ್ಧತಿಯ ಹೆಸರಾಂತ ಉದಾಹರಣೆ ಎನ್ವಿಡಿಯಾದ ಜಿ92 ಚಿಪ್ಪು. ಅಕ್ಟೋಬರ್ 2007ರಲ್ಲಿ 112 ಶೇಡರ್‌ಗಳ 8800 ಜಿಟಿ ಆಗಿ ಬಂದದ್ದು ಮರುವರ್ಷ 9800 ಜಿಟಿ ಆಯಿತು. ಅದೇ ಚಿಪ್ಪಿನ 128 ಶೇಡರ್‌ಗಳ ಪೂರ್ಣರೂಪ ಮೊದಲು 512 ಎಂಬಿಯ 8800 ಜಿಟಿಎಸ್, 2008ರಲ್ಲಿ 9800 ಜಿಟಿಎಕ್ಸ್, ಬಳಿಕ 65ರಿಂದ 55 ನ್ಯಾನೊಮೀಟರಿಗೆ ಇಳಿದು 9800 ಜಿಟಿಎಕ್ಸ್ ಪ್ಲಸ್, ಮಾರ್ಚ್ 2009ರಲ್ಲಿ ಜಿಟಿಎಸ್ 250. ಒಂದೂವರೆ ವರ್ಷದೊಳಗೆ ಮೂರು ತಲೆಮಾರಿನ ಹೆಸರು. ಕೊನೆಯ ಎರಡರ ನಡುವೆ ಚಿಪ್ಪಿನ ವೇಗ ಕೂಡ ಬದಲಾಗಲಿಲ್ಲ, ಎರಡೂ 738 ಮೆಗಾಹರ್ಟ್ಸ್.

ಆಟವಾಡುವವನಿಗೆ ಇದರಿಂದ ದೊಡ್ಡ ನಷ್ಟವಾಗಲಿಲ್ಲ, ಏಕೆಂದರೆ ಜಿ92 ಒಳ್ಳೆಯ ಚಿಪ್ಪಾಗಿತ್ತು. ಪೆಟ್ಟು ಬಿದ್ದದ್ದು ಬೇರೆ ಕಡೆ. 200ರ ಸಾಲಿನ ನಿಜವಾದ ಹೊಸ ಕಾರ್ಡುಗಳಾದ ಜಿಟಿಎಕ್ಸ್ 260 ಮತ್ತು 280ರಲ್ಲಿ ದಶಮಾಂಶಗಳನ್ನು ಇಮ್ಮಡಿ ನಿಖರತೆಯಲ್ಲಿ ಲೆಕ್ಕ ಮಾಡುವ ಯಂತ್ರಾಂಗವಿತ್ತು. ಹೆಸರಿನಿಂದ ಅವುಗಳ ತಮ್ಮನಂತೆ ಕಾಣುವ ಜಿಟಿಎಸ್ 250ರಲ್ಲಿ ಅದು ಇರಲಿಲ್ಲ. ಎನ್ವಿಡಿಯಾ ಕಾರ್ಡಿನಿಂದ ಲೆಕ್ಕ ಮಾಡಿಸುವ ‘ಕೂಡಾ’ (CUDA) ಪ್ರೋಗ್ರಾಂನಲ್ಲಿ ಇಮ್ಮಡಿ ನಿಖರತೆ ಬೇಕೆಂದು ‘ಡಬಲ್’ ಎಂದು ಬರೆದರೆ ಕಂಪೈಲರ್ ಒಂದು ಸಾಲಿನ ಎಚ್ಚರಿಕೆ ಕೊಟ್ಟು, ಅದನ್ನು ಸಾಧಾರಣ ನಿಖರತೆಯ ‘ಫ್ಲೋಟ್’ಗೆ ಇಳಿಸಿ ಮುಂದೆ ಹೋಗುತ್ತಿತ್ತು. ಎಚ್ಚರಿಕೆಯನ್ನು ಓದದವನಿಗೆ ಪ್ರೋಗ್ರಾಂ ಓಡಿತೆಂಬ ಸಮಾಧಾನ, ಏಳನೆಯ ಅಂಕಿಯ ನಂತರದ ಉತ್ತರವೆಲ್ಲ ಕಸ.

ಎಎಂಡಿಯೂ ಹಿಂದೆ ಬೀಳಲಿಲ್ಲ. 2012ರ ಎಚ್‌ಡಿ 7850ರ ಚಿಪ್ಪು 2014ರಲ್ಲಿ ಆರ್7 265 ಆಯಿತು, 2015ರಲ್ಲಿ ಆರ್7 370 ಆಯಿತು. ಅಷ್ಟರಲ್ಲಿ ಮಾನಿಟರಿನ ವೇಗವನ್ನು ಕಾರ್ಡಿನ ವೇಗಕ್ಕೆ ಹೊಂದಿಸುವ ಫ್ರೀಸಿಂಕ್ ಬಂದಿತ್ತು. ಅದೇ ವರ್ಷದ, ಸಂಖ್ಯೆಯಲ್ಲಿ ಚಿಕ್ಕದಾದ, ಆರ್7 360 ಫ್ರೀಸಿಂಕ್ ಮಾನಿಟರನ್ನು ನಡೆಸುತ್ತಿತ್ತು. ದುಡ್ಡು ಹೆಚ್ಚು ಕೊಟ್ಟು ಕೊಳ್ಳುವ 370 ನಡೆಸುತ್ತಿರಲಿಲ್ಲ, ಏಕೆಂದರೆ 360ರ ಒಳಗಿನ ಚಿಪ್ಪು 2013ರದು, 370ರ ಚಿಪ್ಪು ಅದಕ್ಕೂ ಹಿಂದಿನದು. ಡ್ರೈವರಿನ ಆಯುಷ್ಯವೂ ಹಾಗೆಯೇ: ಜೂನ್ 2021ರಲ್ಲಿ ಎಎಂಡಿ ಆ ಪೀಳಿಗೆಗಳ ಬೆಂಬಲ ನಿಲ್ಲಿಸಿದಾಗ 7850 ಕೊಂಡವನಿಗೆ ಒಂಬತ್ತು ವರ್ಷ ಸಿಕ್ಕಿತ್ತು, 370 ಕೊಂಡವನಿಗೆ ಆರೇ ವರ್ಷ.

ಕಾಫಿತೋಟ

ಗಡಿಯಾಚೆ ಅವರೇ, ಫ್ರೀಸಿಂಕ್ ವಿಚಾರ ಒಪ್ಪುತ್ತೇನೆ, ಡ್ರೈವರಿನ ಲೆಕ್ಕವನ್ನು ಒಪ್ಪಲಾರೆ. 2015ರಲ್ಲೇ ಹೊಚ್ಚ ಹೊಸ ಚಿಪ್ಪಿನೊಂದಿಗೆ ಬಂದ ಆರ್9 ಫ್ಯೂರಿಗೂ ಅದೇ ಜೂನ್ 2021ರಲ್ಲಿ ಬೆಂಬಲ ನಿಂತಿತು. ಆದ್ದರಿಂದ ಆ ಆರು ವರ್ಷದ ತಪ್ಪನ್ನು ಹೆಸರಿನ ತಲೆಗೆ ಕಟ್ಟಲಾಗದು. ನಿಮ್ಮ ಮಾತಿಗೆ ಸರಿಯಾದ ಸಾಕ್ಷಿ ಬೇಕಿದ್ದರೆ ಎನ್ವಿಡಿಯಾದ ಜಿಟಿ 730 ಇದೆ: 2014ರಲ್ಲಿ ಒಂದೇ ಹೆಸರಿನಡಿ, 96 ಶೇಡರ್‌ಗಳ ಫರ್ಮಿ ಚಿಪ್ಪಿನದೂ 384 ಶೇಡರ್‌ಗಳ ನಂತರದ ಪೀಳಿಗೆಯ ಕೆಪ್ಲರ್ ಚಿಪ್ಪಿನದೂ ಒಟ್ಟಿಗೆ ಮಾರಾಟವಾದವು. ಫರ್ಮಿಗೆ ಹೊಸ ಡ್ರೈವರ್ ಬರುವುದು 2018ರಲ್ಲಿ ನಿಂತಿತು, ಕೆಪ್ಲರಿಗೆ 2021ರವರೆಗೆ ಬಂದಿತು. ಇಬ್ಬರು ಒಂದೇ ದಿನ ಒಂದೇ ಹೆಸರಿನ ಕಾರ್ಡ್ ಕೊಂಡು, ಒಬ್ಬನದು ಮೂರು ವರ್ಷ ಮೊದಲೇ ಮೂಲೆ ಸೇರಿತು.

ಇನ್ನೊಂದು ಮಾತು ಹೇಳದಿದ್ದರೆ ನ್ಯಾಯವಾಗದು. ಹಳೆಯ ಚಿಪ್ಪಿಗೆ ಹೊಸ ಹೆಸರಿಡುವುದೆಲ್ಲವೂ ಮೋಸವೆಂದು ನಾನು ಎಣಿಸುವುದಿಲ್ಲ. ಎಚ್‌ಡಿ 7970 ಬಂದಾಗ 549 ಡಾಲರ್ ಇತ್ತು; ಅದೇ 2048 ಶೇಡರ್, ಅದೇ 3 ಜಿಬಿ, ಸ್ವಲ್ಪ ಹೆಚ್ಚಿನ ವೇಗದೊಂದಿಗೆ 2013ರ ಅಕ್ಟೋಬರಿನಲ್ಲಿ ಆರ್9 280ಎಕ್ಸ್ ಆಗಿ 299 ಡಾಲರಿಗೆ ಸಿಕ್ಕಿತು. ಮೇಲಿನ ಮೆಟ್ಟಿಲಿನ ಚಿಪ್ಪು ಎರಡು ವರ್ಷದ ಬಳಿಕ ಕೆಳಗಿನ ಮೆಟ್ಟಿಲಿಗೆ, ಕೆಳಗಿನ ಬೆಲೆಗೆ ಇಳಿಯಿತು. ಕೊಂಡವನಿಗೆ ಅದರಿಂದ ಲಾಭವೇ ಆಯಿತು. ಸಿದ್ಧ ಕಂಪ್ಯೂಟರ್ ಮಾರುವ ಕಂಪನಿಗಳಿಗೆ ಪ್ರತಿವರ್ಷ ಹೊಸ ಸಂಖ್ಯೆ ಬೇಕು, ಹೊಸ ಚಿಪ್ಪು ಪ್ರತಿವರ್ಷ ಬರುವುದಿಲ್ಲ. ಈ ಆಟದ ಅರ್ಧ ಭಾಗ ಅಲ್ಲಿಂದಲೇ ಬಂದದ್ದು.

ನನ್ನ ಆಕ್ಷೇಪ ಇರುವುದು ತದ್ವಿರುದ್ಧ ದಿಕ್ಕಿನ ಕೆಲಸಕ್ಕೆ, ಎಂದರೆ ಈಗಾಗಲೇ ಜನರ ನಾಲಗೆಯ ಮೇಲಿರುವ ಒಳ್ಳೆಯ ಹೆಸರಿನೊಳಗೆ ಕಡಿಮೆ ಮಾಲನ್ನು ತುರುಕುವುದಕ್ಕೆ. ಪತ್ರಿಕೆಗಳು ಮೊದಲಿನ ಕಾರ್ಡನ್ನು ಪರೀಕ್ಷಿಸಿ ವಿಮರ್ಶೆ ಬರೆದವು, ಅಂಗಡಿಯಲ್ಲಿ ಸಿಗುವುದು ಎರಡನೆಯದು. ತುಂಗಾತೀರ ಅವರ ಕಾರ್ಡ್ ಈ ಜಾತಿಯದು. ಆರ್‌ಎಕ್ಸ್ 560ರಲ್ಲೂ ಹೀಗಾಯಿತು: 1024 ಶೇಡರ್‌ಗಳದೆಂದು ಹೆಸರು ಮಾಡಿದ್ದ ಕಾರ್ಡ್ 896 ಶೇಡರ್‌ಗಳೊಂದಿಗೂ ಮಾರಾಟವಾಗುತ್ತಿದೆ ಎಂದು 2017ರ ಡಿಸೆಂಬರಿನಲ್ಲಿ ಬಯಲಾದ ಮೇಲೆ ಎಎಂಡಿ ಅದನ್ನು ಒಪ್ಪಿಕೊಂಡಿತು. ಜಿಟಿ 1030ರ ಕಥೆ ಇನ್ನೂ ಕೆಟ್ಟದ್ದು. ಜಿಡಿಡಿಆರ್5 ತೆಗೆದು ಡಿಡಿಆರ್4 ಹಾಕಿದ್ದರಿಂದ ಮೆಮೊರಿಯ ವೇಗ ಸೆಕೆಂಡಿಗೆ 48 ಜಿಬಿಯಿಂದ ಸುಮಾರು 17ಕ್ಕೆ ಕುಸಿಯಿತು, ಹೆಸರು ಮಾತ್ರ ಅಲ್ಲಾಡಲಿಲ್ಲ. ಜನ ಕೂಗಿದರೆ ಕೆಲವೊಮ್ಮೆ ಕೇಳಿಸುತ್ತದೆ ಎಂಬುದೂ ನಿಜ: 12 ಜಿಬಿಯ ಆರ್‌ಟಿಎಕ್ಸ್ 4080 ಎಂಬುದನ್ನು ಎನ್ವಿಡಿಯಾ 2022ರ ಅಕ್ಟೋಬರಿನಲ್ಲಿ ಮಾರಾಟಕ್ಕೆ ಮೊದಲೇ ಹಿಂತೆಗೆದುಕೊಂಡು, ಮೂರು ತಿಂಗಳ ನಂತರ 4070 ಟಿಐ ಎಂದು ಹೆಸರಿಟ್ಟು ಬಿಟ್ಟಿತು.

ತುಂಗಾತೀರ ಅವರೇ, ಆರ್‌ಎಕ್ಸ್ 570ರ ಬೆಲೆಗೆ ಸಿಕ್ಕಿದ್ದರೆ ಇಟ್ಟುಕೊಳ್ಳಿ. ಅಂಗಡಿಯವರು 2304ರ ಬೆಲೆ ಹಾಕಿದ್ದರೆ ಬಿಲ್ ಹಿಡಿದು ಹೋಗಿ ಕೇಳಿ. ಪೊಲಾರಿಸ್ ಕಾರ್ಡುಗಳನ್ನು ಎಎಂಡಿ 2023ರ ಕೊನೆಯಲ್ಲಿ ಮುಖ್ಯ ಡ್ರೈವರ್ ಸಾಲಿನಿಂದ ಬೇರೆ ಮಾಡಿದೆ ಎಂಬುದನ್ನೂ ಬೆಲೆಯ ಮಾತಿನಲ್ಲಿ ಸೇರಿಸಿಕೊಳ್ಳಿ. ಅದು 2304ಕ್ಕೂ 2048ಕ್ಕೂ ಸಮವಾಗಿ ಅನ್ವಯಿಸುತ್ತದೆ.

ತುಂಗಾತೀರ

ಮೂವರಿಗೂ ಕೃತಜ್ಞತೆಗಳು. ಡಿವೈಸ್ ಐಡಿ 6ಎಫ್‌ಡಿಎಫ್ ಎಂದೇ ಇದೆ. ಪೆಟ್ಟಿಗೆಯನ್ನು ಮತ್ತೆ ಹುಡುಕಿ ತೆಗೆದು ನೋಡಿದೆ: ಕೆಳಬದಿಯಲ್ಲಿ, ಬಾರ್‌ಕೋಡ್ ಚೀಟಿಯ ಎರಡನೆಯ ಸಾಲಿನಲ್ಲಿ, ಅಕ್ಕಿಕಾಳಿಗಿಂತ ಸಣ್ಣ ಅಕ್ಷರದಲ್ಲಿ 2048ಎಸ್‌ಪಿ ಎಂದು ಅಚ್ಚಾಗಿತ್ತು. ಅದರ ಮೇಲೆ ಅರ್ಧ ಬರುವಂತೆ ಅಂಗಡಿಯ ವಾರಂಟಿ ಚೀಟಿಯನ್ನು ಅಂಟಿಸಿದ್ದರು. ಬೇಕೆಂದೇ ಹಾಗೆ ಅಂಟಿಸಿದರೆಂದು ಹೇಳಲಾರೆ.

ನಿನ್ನೆ ಬೆಂಗಳೂರಿಗೆ ಹೋಗುವ ಕೆಲಸವಿತ್ತು, ಅಂಗಡಿಗೂ ಹೋಗಿ ಬಂದೆ. ‘580 ಅಂದರೆ 580 ಸರ್, ಕಂಪನಿಯವರೇ ಹಾಗೆ ಬರೆದಿದ್ದಾರೆ’ ಎಂದು ಮೊದಲು ಹೇಳಿದರು. ಅವರದೇ ಕಪಾಟಿನಲ್ಲಿ ಆರ್‌ಎಕ್ಸ್ 570, 8 ಜಿಬಿ, ಆರು ಸಾವಿರದ ಎಂಟುನೂರಕ್ಕೆ ಇದೆಯೆಂದು ತೋರಿಸಿದ ಮೇಲೆ ಏಳುನೂರು ರೂಪಾಯಿ ಹಿಂದಿರುಗಿಸಿ, ಬಿಲ್ಲಿನಲ್ಲಿ 580ರ ಮುಂದೆ 2048ಎಸ್‌ಪಿ ಎಂದು ಪೆನ್ನಿನಲ್ಲಿ ಸೇರಿಸಿ ಸಹಿ ಹಾಕಿಕೊಟ್ಟರು. ಬಯಾಸ್ ಮುಟ್ಟಿಲ್ಲ. ಕಾರ್ಡನ್ನು ಇಟ್ಟುಕೊಂಡಿದ್ದೇನೆ.