ಘಾಟಿ ಹತ್ತೋ ಟಾಟಾ 709 ಲಾರಿಗೆ ಎಗ್ಸಾಸ್ಟ್ ಟೆಂಪರೇಚರ್ ಗೇಜ್: ಟರ್ಬೋಗಿಂತ ಮೊದ್ಲು ಹಾಕ್ಬೇಕಾ, ಆಮೇಲಾ?

ಗುಂಡ್ಯ ಲೋಡ್:
ಎಲ್ರಿಗೂ ನಮಸ್ಕಾರ. ನಂದು ಟಾಟಾ 709, 497 ಟಿಸಿಐಸಿ ಇಂಜಿನ್ (ಹೊಗೆ ರಭಸಕ್ಕೆ ತಿರುಗಿ ಇಂಜಿನ್ನಿಗೆ ಗಾಳಿ ತುಂಬೋ ಟರ್ಬೋ, ಆ ಗಾಳಿ ತಣ್ಣಗೆ ಮಾಡೋ ಇಂಟರ್‌ಕೂಲರ್ ಎರಡೂ ಇರೋದು), ಬಿಎಸ್ 3, ಮೆಕ್ಯಾನಿಕಲ್ ಡೀಸೆಲ್ ಪಂಪ್. ಹಾಸನದಿಂದ ಆಲೂಗಡ್ಡೆ, ಶುಂಠಿ ತುಂಬ್ಕೊಂಡು ಮಂಗಳೂರಿಗೆ ಇಳಿಯೋದು, ವಾಪಸ್ ಬರ್ತಾ ಗೊಬ್ಬರನೋ ಟೈಲ್ಸೋ ಸಿಕ್ಕಿದ್ದು ಹಾಕ್ಕೊಂಡು ಶಿರಾಡಿ ಹತ್ತೋದು, ವಾರಕ್ಕೆ ಮೂರು ಸಲನಾದ್ರೂ ಆಗುತ್ತೆ. ಹೋದ ವರ್ಷ ಚಡಾವಲ್ಲಿ ಎಳೆತ ಸಾಲ್ದು ಅಂತ ಪಂಪ್‌ನ ಸ್ವಲ್ಪ ಏರಿಸ್ಕೊಂಡೆ, ಗಾಡಿ ಚೆನ್ನಾಗೇ ಓಡ್ತು, ಹೊಗೆ ಜಾಸ್ತಿ ಬರ್ತಿತ್ತು ಅಷ್ಟೇ. ನಾಲ್ಕು ತಿಂಗಳಿಗೆ ಒಂದಿನ ಮಾರನಹಳ್ಳಿ ಹತ್ರ ಪವರ್ ಪೂರ್ತಿ ಬಿದ್ದೋಯ್ತು. ಹೆಡ್ ಬಿಚ್ಚಿ ನೋಡಿದ್ರೆ ಮೂರನೇ ಪಿಸ್ಟನ್ ಅಂಚು ಇಲಿ ಕಡಿದಂಗೆ ಕರಗಿತ್ತು. ನಂಗೆ ಇವತ್ತಿಗೂ ಸಂಕಟ ಆಗೋದು ಏನಂದ್ರೆ, ವಾಟರ್ ಟೆಂಪರೇಚರ್ ಮುಳ್ಳು ಕೊನೇವರೆಗೂ ಮಧ್ಯದಲ್ಲೇ ಇತ್ತು, ಏನೂ ಹೇಳ್ಲೇ ಇಲ್ಲ.

ಸಾಲ ಮಾಡಿ ಇಂಜಿನ್ ಕಟ್ಸಿದೀನಿ. ಪಂಪ್ ವಾಪಸ್ ಕಂಪನಿ ಸೆಟ್ಟಿಂಗ್‌ಗೆ ತಂದಾಯ್ತು. ಈಗ ಹೊಗೆ ಬಿಸಿ ತೋರ್ಸೋ ಗೇಜ್ ತರಿಸಿದೀನಿ, ಕೆ ಟೈಪ್ ಪ್ರೋಬು (ಎರಡು ಬೇರೆ ಲೋಹದ ವೈರ್ ಸೇರಿಸಿ ಬಿಸಿ ಅಳೆಯೋ ಕಡ್ಡಿ), 1/8 ಎನ್‌ಪಿಟಿ (ಅಮೆರಿಕದ ಪೈಪ್ ಅಳತೆ) ಥ್ರೆಡ್ಡು. ಎಲ್ಲಿ ತೂತು ಹೊಡಿಬೇಕು, ಮ್ಯಾನಿಫೋಲ್ಡ್ (ಸಿಲಿಂಡರ್‌ಗಳ ಹೊಗೆ ಒಟ್ಟು ಸೇರ್ಸೋ ಕೊಳವೆ) ಬಿಚ್ಚಲೇಬೇಕಾ, ಎಷ್ಟು ಡಿಗ್ರಿ ದಾಟಿದ್ರೆ ಕಾಲು ತೆಗೀಬೇಕು? ಮಾಡಿರೋರು ಹೇಳಿ ದಯವಿಟ್ಟು.

ಲೇತ್ ಶೆಡ್:
ಟರ್ಬೋಗಿಂತ ಮೊದ್ಲೇ ಹಾಕಿ. ನಾಲ್ಕೂ ಸಿಲಿಂಡರ್ ಹೊಗೆ ಒಂದಾಗಿ ಟರ್ಬೋ ಫ್ಲೇಂಜ್‌ಗೆ ಹೋಗೋ ಜಾಗ ಇರುತ್ತಲ್ಲ, ಅಲ್ಲೇ, ಫ್ಲೇಂಜ್‌ಗಿಂತ ಒಂದೆರಡು ಇಂಚು ಈಚೆ, ಬೀಡು (ಎರಕದ ಕಬ್ಬಿಣ) ದಪ್ಪ ಇರೋ ಕಡೆ. ಒಂದೇ ಸಿಲಿಂಡರಿನ ಕೊಳವೆ ಮೇಲೆ ಹಾಕಿದ್ರೆ ಅದೊಂದರ ಬಿಸಿ ಮಾತ್ರ ಗೊತ್ತಾಗುತ್ತೆ. ಪ್ರೋಬ್ ತುದಿ ಹೊಗೆ ಹರಿಯೋ ದಾರಿ ನಡುವಿಗೆ ಬರ್ಬೇಕು, ಎದುರಿನ ಗೋಡೆಗೆ ತಾಗಬಾರ್ದು.

ಬಿಚ್ಚಲೇಬೇಕಾ ಅಂದ್ರೆ, ನಾನಂತೂ ಬಿಚ್ಚಿ ಅಂತೀನಿ. ಗಾಡಿ ಮೇಲೇ ಹೊಡಿಯೋರಿದಾರೆ, ಡ್ರಿಲ್ ಬಿಟ್ಟಿಗೂ ಥ್ರೆಡ್ ಕೊರೆಯೋ ಟ್ಯಾಪಿಗೂ ಗ್ರೀಸ್ ಮೆತ್ತಿ ಎರಡು ಸುತ್ತಿಗೊಂದ್ಸಲ ಹೊರಗೆ ತೆಗೆದು ಒರೆಸ್ಕೊಂಡು ಆಮೇಲೆ ಮ್ಯಾಗ್ನೆಟ್ ಬಿಟ್ಟು ಎಳೀತಾರೆ, ಕೆಲವರು ಇಂಜಿನ್ ಸ್ಟಾರ್ಟಲ್ಲೇ ಇಟ್ಟು ಕೊನೇ ಚೂರು ಹೊಗೆ ಜೊತೆ ಆಚೆ ಊದೋ ಹಂಗೆ ಮಾಡ್ತಾರೆ. ಆದ್ರೆ ಬೀಡು ಪುಡಿ ಪುಡಿಯಾಗಿ ಬರುತ್ತೆ, ಒಂದು ಚೂರು ಒಳಗೆ ಉಳಿದ್ರೂ ಅದು ನೇರ ಟರ್ಬೈನ್ ರೆಕ್ಕೆಗೇ ಬಡಿಯೋದು. ಹೊಸ ಇಂಜಿನ್ ಕಟ್ಸಿದೀರಿ, ಒಂದು ಗ್ಯಾಸ್ಕೆಟ್ ದುಡ್ಡಿಗೆ ಟರ್ಬೋನ ಪಣಕ್ಕಿಡ್ಬೇಡಿ. ಸ್ಟಡ್‌ಗಳಿಗೆ ಹಿಂದಿನ ರಾತ್ರಿನೇ ತುಕ್ಕು ಬಿಡ್ಸೋ ಎಣ್ಣೆ ಹಾಕಿಡಿ, ಜಾಮ್ ಆಗಿದ್ರೆ ಗ್ಯಾಸ್ ಕಟರಲ್ಲಿ ನಟ್ ಕಾಯಿಸಿ ಬಿಚ್ಚಿ, ಜಗ್ಗಿ ಮುರೀಬೇಡಿ.

ಇನ್ನೊಂದು, ಇದನ್ನ ದಪ್ಪಕ್ಷರದಲ್ಲಿ ಬರ್ಕೊಳ್ಳಿ. ಹಾರ್ಡ್‌ವೇರ್ ಅಂಗಡೀಲಿ 1/8 ಪೈಪ್ ಟ್ಯಾಪ್ ಕೊಡಿ ಅಂದ್ರೆ ನಮ್ ಕಡೆ ಬಿಎಸ್‌ಪಿ (ಬ್ರಿಟಿಷ್ ಅಳತೆ) ಕೊಡ್ತಾರೆ, ಅದು ಇಂಚಿಗೆ 28 ಥ್ರೆಡ್ಡು. ನಿಮ್ ಪ್ರೋಬ್ ಎನ್‌ಪಿಟಿ, 27. ನೋಡೋಕೆ ಒಂದೇ ಥರ, ಎರಡು ಸುತ್ತು ಹತ್ತಿ ನಿಂತ್ಕೊಳ್ಳುತ್ತೆ, ಅಲ್ಲಿಂದ ಒತ್ತಿ ತಿರುಗಿಸಿದ್ರೆ ಥ್ರೆಡ್ ಹಾಳು, ಹೊಗೆ ಲೀಕು. ಟ್ಯಾಪ್ ಮೇಲೆ ಎನ್‌ಪಿಟಿ ಅಂತ ಪಂಚ್ ಇದೆಯಾ ಕಣ್ಣಾರೆ ನೋಡಿ ತಗೊಳ್ಳಿ. ಬಿಟ್ 8.5 ಇಲ್ಲಾ 8.7 ಎಂಎಂ. ಅದು ಕೋನ್ ಥ್ರೆಡ್ಡು, ಹಂಗಾಗಿ ಟ್ಯಾಪ್‌ನ ಪೂರ್ತಿ ಇಳಿಸ್ಬೇಡಿ, ಸ್ವಲ್ಪ ಸ್ವಲ್ಪ ಹೊಡೆದು ಫಿಟ್ಟಿಂಗ್ ಹಾಕಿ ನೋಡ್ತಾ ಹೋಗಿ. ಟೆಫ್ಲಾನ್ ಟೇಪ್ ಸುತ್ತಬೇಡಿ, ಆ ಬಿಸಿಗೆ ಉರಿದು ಹೋಗುತ್ತೆ, ಥ್ರೆಡ್ ಜಾಮ್ ಆಗದಂಗೆ ಹಚ್ಚೋ ಆಂಟಿ ಸೀಜ್ ಪೇಸ್ಟ್ ಸಾಕು.

ಮಲ್ನಾಡ್ ಡೀಸೆಲ್:
ನಾನು ಟರ್ಬೋ ಆದ್ಮೇಲಿನ ಪೈಪಿಗೆ ಹಾಕಿದೀನಿ. ಪ್ರೋಬ್ ಯಾವತ್ತಾದ್ರೂ ಮುರಿದ್ರೆ ಸೈಲೆನ್ಸರಿಗೆ ಹೋಗ್ಲಿ, ಟರ್ಬೋ ಒಳಗೆ ಬೇಡ ಅಂತ. ಬಿಚ್ಚೋ ಕೆಲಸನೂ ಇಲ್ಲ. ತೋರ್ಸಿದ್ದಕ್ಕೆ ನೂರೈವತ್ತು ಸೇರಿಸ್ಕೊಂಡ್ರೆ ಆಯ್ತಲ್ವಾ?

ಹಳೇ ಸ್ಟೇರಿಂಗ್:
ಆ ನೂರೈವತ್ತು ಲೆಕ್ಕ ಯಾವಾಗ್ಲೂ ಹೊಂದಲ್ಲ ಸರ್. ಟರ್ಬೋ ಹೊಗೆಯಿಂದ ಶಕ್ತಿ ಎಳ್ಕೊಂಡೇ ತಿರುಗೋದು, ಹಂಗಾಗಿ ಫುಲ್ ಲೋಡಲ್ಲಿ ಆಚೆ ಈಚೆ ಬಿಸಿ ತುಂಬಾ ವ್ಯತ್ಯಾಸ ಇರುತ್ತೆ, ಐಡಲಲ್ಲಿ ಹೆಚ್ಚು ಕಮ್ಮಿ ಒಂದೇ ಇರುತ್ತೆ. ಜೊತೆಗೆ ಮುಳ್ಳು ಏಳೋದೂ ಲೇಟು. ಪ್ರೋಬ್ ಮುರಿಯೋ ಭಯ ಸುಳ್ಳಲ್ಲ, ಅದಕ್ಕೆ ತೀರಾ ಅಗ್ಗದ್ದು ತಗೋಬೇಡಿ, ಸ್ಟೀಲ್ ಕವಚ ಗಟ್ಟಿ ಇರೋದು ಹಾಕಿ, ವರ್ಷಕ್ಕೊಂದ್ಸಲ ಬಿಚ್ಚಿ ನೋಡಿ.

ಡಿಗ್ರಿ ವಿಷ್ಯ. ಅಲ್ಯೂಮಿನಿಯಂ ಪಿಸ್ಟನ್ ಇರೋ ಇಂಜಿನ್ನಿಗೆ ಟರ್ಬೋಗಿಂತ ಮೊದ್ಲು 700 ಸೆಲ್ಸಿಯಸ್ ಹತ್ರ ಬಂದ್ರೆ ಕಾಲು ತೆಗೀರಿ, ಹತ್ತು ಸೆಕೆಂಡ್ ಮಟ್ಟಿಗೆ 700 ದಾಟಿದ್ರೆ ಏನಾಗಲ್ಲ, ಚಡಾವು ಪೂರ್ತಿ ಅದೇ ಬಿಸೀಲಿ ಎಳೀಬಾರ್ದು. ಅಲ್ಯೂಮಿನಿಯಂ ಕರಗೋದೇ 660ಕ್ಕೆ, ಆದ್ರೂ ಪಿಸ್ಟನ್ ಉಳಿಯೋದು ಯಾಕಂದ್ರೆ ಕೆಳಗಿಂದ ಆಯಿಲ್ ತಣ್ಣಗೆ ಮಾಡ್ತಿರುತ್ತೆ, ಪ್ರತಿ ಸುತ್ತಿಗೂ ಹೊಸ ಗಾಳಿ ಬರ್ತಿರುತ್ತೆ. ನಿಮ್ದು ಕರಗಿದ್ದೂ ಇದಕ್ಕೇ ಅನ್ಸುತ್ತೆ, ಪಂಪ್ ಏರಿಸಿದ್ರಿಂದ ಡೀಸೆಲ್ ಜಾಸ್ತಿ ಆಯ್ತು, ಗಾಳಿ ಅಷ್ಟೇ ಇತ್ತು. ಪೆಟ್ರೋಲ್ ಮೆಕ್ಯಾನಿಕ್‌ಗಳು ಫ್ಯುಯೆಲ್ ಜಾಸ್ತಿ ಕೊಟ್ರೆ ತಂಪು ಅಂತಾರೆ, ಡೀಸೆಲಲ್ಲಿ ಅದು ಉಲ್ಟಾ, ಕಪ್ಪು ಹೊಗೆ ಬಂತು ಅಂದ್ರೆ ಬಿಸಿ ಏರ್ತಿದೆ ಅಂತಾನೇ.

ಚಡಾವಲ್ಲಿ ಮುಳ್ಳು ಏರ್ತಿದ್ರೆ ಗೇರ್ ಇಳ್ಸಿ, ಮೇಲಿನ ಗೇರಲ್ಲಿ ನರಳಿಸ್ಕೊಂಡು ಎಳೀಬೇಡಿ. ಆರ್‌ಪಿಎಂ ಏರಿದ್ರೆ ಗಾಳಿ ಜಾಸ್ತಿ ಹೋಗುತ್ತೆ, ಮುಳ್ಳು ನಿಮ್ ಕಣ್ಣೆದುರಿಗೇ ಇಳಿಯುತ್ತೆ. ಮೇಲೆ ಹತ್ತಿ ಟೀಗೆ ನಿಲ್ಸಿದ್ರೆ ತಕ್ಷಣ ಆಫ್ ಮಾಡ್ಬೇಡಿ, 150ಕ್ಕೆ ಇಳಿಯೋವರ್ಗೂ ಐಡಲ್ ಬಿಡಿ, ಇಲ್ಲಾಂದ್ರೆ ಟರ್ಬೋ ಬೇರಿಂಗಲ್ಲಿ ನಿಂತ ಆಯಿಲ್ ಸುಟ್ಟು ಕರಕಲಾಗುತ್ತೆ.

ವೈರಿಂಗ್ ಶಿವಮೊಗ್ಗ:
ವೈರ್ ಬಗ್ಗೆ ಯಾರೂ ಹೇಳಿಲ್ಲ. ಪ್ರೋಬಿಂದ ಗೇಜಿಗೆ ಬರೋ ವೈರ್ ಮಾಮೂಲಿ ತಾಮ್ರದ್ದಲ್ಲ, ಅದೂ ಕೆ ಟೈಪೇ ಆಗಿರ್ಬೇಕು. ಸಾಲ್ಲಿಲ್ಲ ಅಂತ ಹಾರ್ನ್ ವೈರ್ ಸೇರ್ಸಿದ್ರೆ, ಆ ಜಾಯಿಂಟ್ ಇಂಜಿನ್ ಹತ್ರ ಬಿಸಿ ಆದಷ್ಟೂ ಗೇಜ್ ತಪ್ಪು ತೋರ್ಸುತ್ತೆ. ಉದ್ದ ಉಳಿದ್ರೆ ಕಟ್ ಮಾಡ್ಬೇಡಿ, ಸುತ್ತಿ ಡ್ಯಾಶ್ ಒಳಗೆ ಕಟ್ಟಿಡಿ. ಅಮೆರಿಕದ ಕಲರ್ ಕೋಡ್ ಆದ್ರೆ ಹಳದಿ ಪ್ಲಸ್, ಕೆಂಪು ಮೈನಸ್. ಹೌದು, ಕೆಂಪೇ ಮೈನಸ್ಸು, ಎಲ್ರೂ ಎಡವೋದು ಇಲ್ಲೇ. ಉಲ್ಟಾ ಆದ್ರೆ ಬಿಸಿ ಏರಿದಂಗೆ ಮುಳ್ಳು ಕೆಳಗೆ ಹೋಗುತ್ತೆ. ಬ್ಯಾಟರಿ 12 ವೋಲ್ಟಾ 24 ವೋಲ್ಟಾ ನೋಡ್ಕೊಂಡೇ ಗೇಜಿಗೆ ಕರೆಂಟ್ ಕೊಡಿ. ಫಿಟ್ ಮಾಡೋ ಮೊದ್ಲು ಪ್ರೋಬ್‌ನ ಕುದಿಯೋ ನೀರಿಗೆ ಅದ್ದಿ ನೋಡಿ, ಸಕಲೇಶಪುರದ ಎತ್ತರಕ್ಕೆ 97 ಹತ್ರ ಬರ್ಬೇಕು.

ಗುಂಡ್ಯ ಲೋಡ್:
ಮೂರು ವಾರ ಆಯ್ತು, ಅಪ್‌ಡೇಟ್ ಹಾಕ್ತಿದೀನಿ. ಮ್ಯಾನಿಫೋಲ್ಡ್ ಬಿಚ್ಚೇ ಹೊಡೆಸ್ದೆ. ಅಂಗಡಿಯೋರು ಫಸ್ಟ್ ಕೊಟ್ಟಿದ್ದು ಬಿಎಸ್‌ಪಿ ಟ್ಯಾಪೇ, ಲೇತ್ ಶೆಡ್ ಅಣ್ಣ ನೀವು ಬರೀದೇ ಇದ್ದಿದ್ರೆ ಥ್ರೆಡ್ ಹೋಗಿರೋದು. ಕುದಿಯೋ ನೀರಲ್ಲಿ 96 ತೋರ್ಸ್ತು.

ಫಸ್ಟ್ ಟ್ರಿಪ್ಪಲ್ಲೇ ಗುಂಡ್ಯ ದಾಟಿ ಚಡಾವು ಶುರುವಾಗಿದ್ದೇ 680, 690, 710. ಮೂರನೇ ಗೇರಿಗೆ ಹಾಕಿದ್ರೂ 670ಕ್ಕಿಂತ ಕೆಳಗೆ ಬರ್ಲಿಲ್ಲ. ಪಂಪ್ ಕಂಪನಿ ಸೆಟ್ಟಿಂಗಲ್ಲೇ ಇದೆ, ಲೋಡ್ ಪಾಸಿಂಗಿಗಿಂತ ಒಂದು ಕೆಜಿ ಜಾಸ್ತಿ ಇಲ್ಲ. ಯಾಕೆ ಹಿಂಗೆ?

ಹಳೇ ಸ್ಟೇರಿಂಗ್:
ಗಾಳಿ ಸೋರ್ತಿದೆ. ಏರ್ ಫಿಲ್ಟರ್ ನೋಡಿ, ಆಮೇಲೆ ಇಂಟರ್‌ಕೂಲರ್ ಹೋಸ್‌ಗಳಿಗೆ ಸೋಪ್ ನೀರು ಹಚ್ಚಿ ಒಬ್ರ ಕೈಲಿ ರೇಸ್ ಕೊಡ್ಸಿ. ಕ್ಲಾಂಪ್ ಕೆಳಗಡೆ ನೋಡೋದು ಮರೀಬೇಡಿ.

ಗುಂಡ್ಯ ಲೋಡ್:
ಸಿಕ್ತು! ಇಂಟರ್‌ಕೂಲರಿಂದ ಇನ್‌ಟೇಕಿಗೆ ಬರೋ ಹೋಸು, ಸರಿಯಾಗಿ ಕ್ಲಾಂಪ್ ಕೆಳಗೆ ಬೆರಳುದ್ದ ಸೀಳಿತ್ತು, ಸುತ್ತ ಎಣ್ಣೆ ಜಿಡ್ಡು ಕಪ್ಪಗೆ ಕೂತಿತ್ತು. ಹೋದ ವರ್ಷ ಎಳೆತ ಇಲ್ಲ ಅಂತ ಪಂಪ್ ಏರಿಸಿದ್ನಲ್ಲ, ಆಗ್ಲೂ ಇದೇ ಸೀಳಿತ್ತೇನೋ, ಯಾರೂ ನೋಡ್ಲಿಲ್ಲ, ನಾನೂ ನೋಡ್ಲಿಲ್ಲ. ಹೊಸ ಹೋಸ್ ಹಾಕಿ ನಿನ್ನೆ ರಾತ್ರಿ ಅಷ್ಟೇ ಲೋಡಲ್ಲಿ ಹತ್ತಿಸ್ದೆ, ನಾಲ್ಕನೇ ಗೇರಲ್ಲಿ 640, ಮೂರಕ್ಕೆ ಇಳಿಸಿದ್ರೆ 580, ಹೊಗೆನೂ ಇಲ್ಲ. ದೋಣಿಗಲ್ಲಲ್ಲಿ ಟೀಗೆ ನಿಲ್ಸಿ 150 ಬರೋವರ್ಗೂ ಕೂತಿದ್ದು ಆಮೇಲೆ ಆಫ್ ಮಾಡ್ದೆ. ಎಲ್ರಿಗೂ ತುಂಬಾ ಥ್ಯಾಂಕ್ಸ್. ಮಲ್ನಾಡ್ ಡೀಸೆಲ್ ಸರ್, ನಿಮ್ ಹೋಸ್‌ನೂ ಒಂದ್ಸಲ ಕ್ಲಾಂಪ್ ಬಿಚ್ಚಿ ನೋಡ್ಕೊಳ್ಳಿ.