ಬಾಯಿಯ ಕೋಶಗಳಿಂದ ಡಿಎನ್‌ಎ: ನೊರೆ ಬರ್ತದ, ಎಳೆ ಬರಲ್ಲ

ಸೇಡಂ ವಿಜ್ಞಾನ
ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಅವರವರ ಕೆನ್ನೆಯ ಒಳಗಿನ ಕೋಶಗಳಿಂದಲೇ ಡಿಎನ್‌ಎ ತೆಗೆದು ತೋರಿಸಬೇಕು. ಅರ್ಧ ಲೋಟ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ ಉಗುಳೋದು, ಪಾತ್ರೆ ತೊಳೆಯೋ ಸೋಪಿನ ಬಿಲ್ಲೆ ಕರಗಿಸಿ ಹಾಕೋದು, ಮೇಲೆ ಸ್ಯಾನಿಟೈಜರ್ ಬಿಡೋದು. ಬರೀ ನೊರೆ, ರಾಡಿ. ಶಾಲೆಯಲ್ಲಿ ಫ್ರಿಜ್ ಇಲ್ಲ, ಬೋರ್‌ವೆಲ್ ನೀರು ಸವಳು. ಏನು ಬದಲಿಸಬೇಕ್ರಿ?

ಬೀದರ್ ಬಯೋ
ಮೊದಲು ಸ್ಯಾನಿಟೈಜರ್ ಬಿಡ್ರಿ ಸರ್. ಅದರಲ್ಲಿ ಆಲ್ಕೋಹಾಲ್ ಸುಮಾರು 70% ಅಷ್ಟೇ, ಉಳಿದದ್ದು ನೀರು, ಗ್ಲಿಸರಿನ್, ಜೆಲ್. ಡಿಎನ್‌ಎ ನೀರಿನಲ್ಲಿ ಸುಲಭವಾಗಿ ಕರಗಿರ್ತದ. ಅದರ ಫಾಸ್ಫೇಟಿನ ಋಣ ಆವೇಶವನ್ನು ಉಪ್ಪಿನ ಸೋಡಿಯಂ ತಣಿಸಬೇಕು, ಗಟ್ಟಿ ಆಲ್ಕೋಹಾಲ್ ಬಂದು ನೀರಿನ ಹಿಡಿತ ಬಿಡಿಸಬೇಕು. ಆಗ ಎಳೆಗಳು ಒಂದಕ್ಕೊಂದು ಅಂಟಿ ಹೊರಗೆ ಬರ್ತಾವ. ಮೊಬೈಲ್ ರಿಪೇರಿಯವರು ಬೋರ್ಡ್ ಒರೆಸಲು ಇಡೋ 99% ಐಸೋಪ್ರೊಪೈಲ್ ಆಲ್ಕೋಹಾಲ್ ಸಾಕು. ಕಲಬುರಗಿಗೆ ಹೋದಾಗ ಸೂಪರ್ ಮಾರ್ಕೆಟ್ ಏರಿಯಾದ ಅಂಗಡಿಗಳಲ್ಲಿ ಕೇಳಿ ನೋಡ್ರಿ.

ಎರಡನೇದು ನೀರು. ಅರ್ಧ ಲೋಟ ಬಹಳ ಆಯ್ತು, ಇರೋ ಕೋಶಗಳೆಲ್ಲ ತೆಳ್ಳಗಾಗಿ ಹೋಗ್ತಾವ. ಅರ್ಧ ಲೀಟರ್ ಫಿಲ್ಟರ್ ನೀರಿಗೆ ಒಂದು ದೊಡ್ಡ ಚಮಚ ಉಪ್ಪು ಹಾಕಿಟ್ಟು, ಒಬ್ಬ ಹುಡುಗನಿಗೆ 10 ಮಿಲಿ ಮಾತ್ರ ಕೊಡ್ರಿ. ಪೂರಾ ಒಂದು ನಿಮಿಷ ಮುಕ್ಕಳಿಸುತ್ತ, ಕೆನ್ನೆಯ ಒಳಭಾಗವನ್ನು ಹಲ್ಲಿನಿಂದ ಮೆಲ್ಲಗೆ ಉಜ್ಜಬೇಕು. ಅದಕ್ಕೂ ಮುಂಚೆ ಬರೀ ನೀರಿನಿಂದ ಬಾಯಿ ಚೆನ್ನಾಗಿ ತೊಳೆಯಲೇಬೇಕು. ಊಟದ ರೊಟ್ಟಿ ಚೂರು, ಶೇಂಗಾ ಹಿಂಡಿ ಉಳಿದಿದ್ದರೆ ಜೋಳದ್ದೂ ಶೇಂಗಾದ್ದೂ ಡಿಎನ್‌ಎ ಬರ್ತದ.

ಸೋಪಿನ ಬಿಲ್ಲೆ ಬೇಡ. ಅದರ ಪುಡಿ ನೀರನ್ನು ರಾಡಿ ಮಾಡ್ತದ. ದ್ರವರೂಪದ ಡಿಶ್‌ವಾಷ್ ಒಂದು ಪಾಲಿಗೆ ಮೂರು ಪಾಲು ನೀರು ಬೆರೆಸಿ, ಉಗುಳಿದ 5 ಮಿಲಿಗೆ 1 ಮಿಲಿ ಹಾಕ್ರಿ. ಟ್ಯೂಬಿನ ಬಾಯಿ ಮುಚ್ಚಿ ನಾಲ್ಕೈದು ಸಲ ಮೆಲ್ಲಗೆ ತಲೆಕೆಳಗೆ ಮಾಡಿ, ಮೂರು ನಿಮಿಷ ಬಿಡ್ರಿ. ಕುಲುಕಬಾರದು: ನೊರೆ ಏಳ್ತದ, ಉದ್ದ ಎಳೆ ತುಂಡಾಗ್ತದ. ಆಮೇಲೆ ಟ್ಯೂಬ್ ಓರೆ ಹಿಡಿದು, ಒಳಗೋಡೆ ಮೇಲಿಂದ 6 ಮಿಲಿ ಆಲ್ಕೋಹಾಲ್ ಇಳಿಬಿಟ್ಟರೆ ಅದು ಮೇಲೆ ಪದರಾಗಿ ನಿಲ್ತದ. ಅಲುಗಾಡಿಸದೆ ಹತ್ತು ನಿಮಿಷ ಇಟ್ಟರೆ ಎರಡು ಪದರ ಕೂಡುವ ಜಾಗದಲ್ಲಿ ಎಳೆ ಕಾಣಿಸ್ತಾವ.

ಯಾದಗಿರಿ ಲ್ಯಾಬ್
ಆಲ್ಕೋಹಾಲ್ ತಣ್ಣಗಿರಬೇಕು ಅನ್ನೋದನ್ನೂ ಸೇರಿಸ್ರಿ. ಎಂಜಲಿನಲ್ಲಿ ಡಿಎನ್‌ಎ ಕತ್ತರಿಸುವ ಕಿಣ್ವಗಳಿರ್ತಾವ, ತಂಪಿಗೆ ಅವು ನಿಧಾನವಾಗ್ತಾವ. ಫ್ರಿಜ್ ಇಲ್ಲದಿದ್ದರೆ ಮೂರು ಪಾಲು ಪುಡಿ ಐಸಿಗೆ ಒಂದು ಪಾಲು ಕಲ್ಲುಪ್ಪು ಬೆರೆಸಿ, ಬಾಟಲಿ ಅರ್ಧ ಗಂಟೆ ಹೂತಿಡ್ರಿ. ಸೊನ್ನೆಗಿಂತ ಕೆಳಗಿಳೀತದ, ಆಲ್ಕೋಹಾಲ್ ಮಾತ್ರ ಹೆಪ್ಪುಗಟ್ಟಲ್ಲ. ಹತ್ತಿರ ಸ್ಪಿರಿಟ್ ಲ್ಯಾಂಪ್ ಹಚ್ಚಬ್ಯಾಡ್ರಿ.

ಬೀದರ್ ಬಯೋ
ತಂಪು ಒಳ್ಳೇದೇ. ಆದರೆ ಐಸ್ ಸಿಗಲಿಲ್ಲ ಅಂತ ಪ್ರಯೋಗ ನಿಲ್ಲಿಸೋದು ಬ್ಯಾಡ. ಐಸೋಪ್ರೊಪೈಲ್‌ನಲ್ಲಿ ಸಾಮಾನ್ಯ ತಾಪದಲ್ಲೂ ಡಿಎನ್‌ಎ ಹೊರಬೀಳ್ತದ. ಗಟ್ಟಿತನ ಮುಖ್ಯ, ತಂಪು ಅದರ ನಂತರ. ಉಗುಳಿದ್ದನ್ನು ಬೆಳಿಗ್ಗೆ ಕೂಡಿಸಿಟ್ಟು ಮಧ್ಯಾಹ್ನ ಬಳಸಬ್ಯಾಡ್ರಿ, ಅದೇ ಪೀರಿಯಡ್‌ನಲ್ಲಿ ಮುಗಿಸ್ರಿ.

ಪದವಿ ಕಾಲೇಜು, ಕಲಬುರಗಿ
ಮಕ್ಕಳಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು: ಕಾಣುವ ಬಿಳಿ ಅರಳೆಯೆಲ್ಲ ಡಿಎನ್‌ಎ ಅಲ್ಲ. ನಮ್ಮ ಒಂದು ಕೋಶದಲ್ಲಿ ಇರುವುದು ಸುಮಾರು 6 ಪಿಕೋಗ್ರಾಂ (ಒಂದು ಪಿಕೋಗ್ರಾಂ ಎಂದರೆ ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಪಾಲು). ಹತ್ತು ಲಕ್ಷ ಕೋಶ ಕೂಡಿದರೂ 6 ಮೈಕ್ರೋಗ್ರಾಂ. ಎಂಜಲಿನ ಲೋಳೆಯ ಪ್ರೋಟೀನೂ ಆಲ್ಕೋಹಾಲಿಗೆ ಬಿಳಿಯಾಗಿ ಗಟ್ಟಿಯಾಗುತ್ತದೆ. ಅದನ್ನು ಕಡಿಮೆ ಮಾಡಲು ಸೋಪಿನ ನಂತರ ಸೋಸಿದ ತಾಜಾ ಅನಾನಸ್ ರಸ ನಾಲ್ಕು ಹನಿ ಹಾಕಿ ಐದು ನಿಮಿಷ ಬಿಡಿ. ಪ್ಯಾಕೆಟ್ ರಸ ಕೆಲಸ ಮಾಡದು, ಕಾಯಿಸಿದಾಗ ಅದರಲ್ಲಿನ ಪ್ರೋಟೀನ್ ಕತ್ತರಿಸುವ ಕಿಣ್ವ ಸತ್ತಿರುತ್ತದೆ. 1869ರಲ್ಲಿ ಟ್ಯೂಬಿಂಗೆನ್‌ನಲ್ಲಿ ಫ್ರೀಡ್ರಿಶ್ ಮೀಶರ್ ಗಾಯದ ಪಟ್ಟಿಗಳ ಕೀವಿನಿಂದ ಈ ವಸ್ತುವನ್ನು ಬೇರ್ಪಡಿಸುವಾಗ, ಪ್ರೋಟೀನ್ ಕಳೆಯಲು ಹಂದಿಯ ಜಠರದ ಪೆಪ್ಸಿನ್ ಎಂಬ ಕಿಣ್ವ ಬಳಸಿದ್ದರು. ತರ್ಕ ಅದೇ.

ಅನಾನಸ್ಸಿಗೂ ತನ್ನದೇ ಡಿಎನ್‌ಎ ಇದೆ. ಆದ್ದರಿಂದ ಎಂಜಲಿಲ್ಲದ ಒಂದು ಟ್ಯೂಬ್ ಪಕ್ಕದಲ್ಲಿರಲಿ: ಉಪ್ಪುನೀರು, ಸೋಪು, ರಸ, ಆಲ್ಕೋಹಾಲ್ ಎಲ್ಲ ಅಷ್ಟೇ ಪ್ರಮಾಣದಲ್ಲಿ. ಅಲ್ಲಿಯೂ ಅಷ್ಟೇ ಎಳೆ ಬಂದರೆ ಮೊದಲನೆಯದು ಮಕ್ಕಳದ್ದೆಂದು ಹೇಳುವಂತಿಲ್ಲ. ನನ್ನ ಪ್ರಕಾರ ಈ ಟ್ಯೂಬ್ ಇಲ್ಲದೆ ಪ್ರಯೋಗ ಅಪೂರ್ಣ.

ಸೇಡಂ ವಿಜ್ಞಾನ
ಅನಾನಸ್ ಬದಲು ಪಪ್ಪಾಯಿ ಕಾಯಿಯ ಹಾಲು ನಡೀತದಾ ಮೇಡಂ?

ಪದವಿ ಕಾಲೇಜು, ಕಲಬುರಗಿ
ಅದರ ಪಪೇನ್ ಎಂಬ ಕಿಣ್ವ ಕೂಡ ಪ್ರೋಟೀನ್ ಕತ್ತರಿಸುತ್ತದೆ. ಆದರೆ ಹಾಲು ಚರ್ಮಕ್ಕೆ, ಕಣ್ಣಿಗೆ ಉರಿ ತರುತ್ತದೆ. ಮಕ್ಕಳ ಕೈಗೆ ಕೊಡಬೇಡಿ. ಪ್ರತಿಯೊಬ್ಬರೂ ತಮ್ಮ ಎಂಜಲನ್ನು ತಾವೇ ಮುಟ್ಟಲಿ. ಮುಗಿದ ಮೇಲೆ ಟ್ಯೂಬುಗಳನ್ನು ಖಾಲಿ ಮಾಡಿ, ನೀರಿನಲ್ಲಿ ತೊಳೆದು, ನಂತರವೇ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಆಲ್ಕೋಹಾಲ್ ಇರುವಾಗಲೇ ಬ್ಲೀಚ್ ಬೆರೆಸಿದರೆ ವಿಷಾನಿಲ ಏಳುತ್ತದೆ.