ಬನಶಂಕರಿ ಜಾತ್ರೆಯ ಫೋಟೋ: ಎತ್ತು, ನಾಟಕ, ತೇರು ಎಲ್ಲಿ ನಿಂತು ತೆಗೆಯಬೇಕು?

ಕೇಳಿದ್ದು: ಬಾದಾಮಿಯಿಂದ 5 ಕಿ.ಮೀ. ದೂರದ ಬನಶಂಕರಿ ಜಾತ್ರೆಗೆ ಬನದ ಹುಣ್ಣಿಮೆ ಹೊತ್ತಿಗೆ ಎರಡು ದಿನ ಹೋಗಬೇಕೆಂದಿದ್ದೇನೆ. ಕೈಯಲ್ಲಿರುವುದು ಕ್ರಾಪ್ ಸೆನ್ಸರ್ ಕ್ಯಾಮೆರಾ, 18-55 ಮತ್ತು 55-250 ಝೂಮ್, ಒಂದು 50 ಎಂಎಂ ಎಫ್/1.8. ದನ, ನಾಟಕ, ಜನ ಮೂರೂ ಬೇಕು. ತಿಳಿದವರು ಹೇಳಿ.

ಮಲಪ್ರಭಾ ದಂಡೆ:
ದನದ ಜಾತ್ರಿ ಈ ವರ್ಷ ಕೂಡತದೋ ಇಲ್ಲೋ ಮೊದಲ ವಿಚಾರ ಮಾಡ್ರಿ. ಚರ್ಮಗಂಟು ರೋಗ ಹಬ್ಬಿದಾಗ ದನದ ಜಾತ್ರಿ ನಿಲ್ಲಿಸಿದ್ದುಂಟು. ಇದ್ರ ಮುಂಜಾನೆ 7ಕ್ಕ ಹೋಗಿ 9ರೊಳಗ ಮುಗಸ್ರಿ. ಜನವರಿ ಬಿಸಲು ಅಂತ ಹಗರ ತಿಳಿಬ್ಯಾಡ್ರಿ, ಹತ್ತರ ಮ್ಯಾಲ ಬಿಳಿ ಎತ್ತಿನ ಬೆನ್ನು ಸುಟ್ಟುಹೋಗ್ತದ.

ಬಿಳಿ ಖಿಲಾರಿ ತಳಿ ಎತ್ತು ಫ್ರೇಮ್ ತುಂಬ ಇದ್ರ ಕ್ಯಾಮೆರಾ ಅದನ್ನ ಬೂದು ಮಾಡ್ತದ; ಎಕ್ಸ್‌ಪೋಷರ್ +0.7 ಏರಸ್ರಿ. ಅದೇ ಎತ್ತು ಗಿಡದ ಕಪ್ಪು ನೆಳ್ಳಿನ ಮುಂದ ಸಣ್ಣದಾಗಿ ನಿಂತಿದ್ರ ಉಲ್ಟಾ, −1ಕ್ಕ ಇಳಸ್ರಿ. ಹಿಸ್ಟೋಗ್ರಾಂ (ಕ್ಯಾಮೆರಾ ತೋರಸೋ ಬೆಳಕಿನ ಗ್ರಾಫ್) ಬಲಗಡೆ ತುದಿಗೆ ತಾಗಬಾರದು.

18 ಎಂಎಂನಾಗ ಸಮೀಪ ಹೋಗಿ ತೆಗದ್ರ ಮೂತಿ ದೊಡ್ಡದು, ಹಿಂಗಾಲು ಸಣ್ಣು ಬರ್ತಾವ. ಮಾಲಕರು ನೋಡಿ ಮಾರಿ ಸಿಂಡರಸ್ತಾರ. ಎಂಟ್ಹತ್ತು ಹೆಜ್ಜಿ ಹಿಂದ ಸರದು 80-100 ಎಂಎಂ ಇಟ್ಟು, ಅದರ ಹೊಟ್ಟಿ ಎತ್ತರಕ್ಕ ಕುಂತು, ಅಡ್ಡ ನಿಂತಿದ್ದನ್ನ ತೆಗೀರಿ. ನಾಲ್ಕೂ ಕಾಲು ಬಿಡಿಬಿಡಿ ಕಾಣಬೇಕು, ಕೋಡಿನ ತುದಿ ಕತ್ತರಿಸಬಾರದು. ಜೋಡಿ ಇದ್ರ ಎರಡರ ಹಿಣಿಲೂ ಒಂದೇ ಸಾಲಿಗೆ ಬರೋತನಕ ತಡೀರಿ. ಹಿಂಗ ತೆಗದು ಅಲ್ಲೇ ವಾಟ್ಸಾಪ್ ಮಾಡಿಕೊಟ್ರ ಇಡೀ ಸಾಲಿನವರು ತಾವಾಗೇ ಕರೀತಾರ. ಕೆಲವರು ದೃಷ್ಟಿ ಆಗ್ತದ ಅಂತ ಒಲ್ಲೆ ಅಂತಾರ. ಅವರಿಗೆ ಎರಡನೇ ಸಲ ಕೇಳಬ್ಯಾಡ್ರಿ.

ಹಲ್ಲು ನೋಡೋದು ಎರಡ್ಮೂರು ಸೆಕೆಂಡಿನ ಕೆಲಸ. ಕೊಳ್ಳಾಂವ ಮೂಗುದಾರಕ್ಕ ಕೈ ಹಾಕಿದ ಕೂಡಲೇ ಅವನ ಭುಜದ ಹಿಂದ ಹೋಗಿ ಎತ್ತಿನ ಬಾಯಿಗೆ ಫೋಕಸ್ ಹಿಡೀರಿ, ಶಟರ್ 1/500 ಸೆಕೆಂಡ್. ಕೆಳತುಟಿ ಸರಿಸಿ ಎರಡು ಹಲ್ಲೋ ನಾಲ್ಕು ಹಲ್ಲೋ ಅಂತ ಎಣಸ್ತಾನ, ಅಷ್ಟ. ಟವೆಲ್ ಕೆಳಗ ಬಟ್ಟು ಹಿಡದು ರೇಟ್ ಮಾಡೋರು ಸಿಕ್ರ ಟವೆಲ್ಲಿನ ಜೋಡಿ ಇಬ್ಬರ ಮಾರಿನೂ ಬರಬೇಕು. ಬರೇ ಟವೆಲ್ ತೆಗದ್ರ ಏನು ನಡದದ ಅಂತ ಯಾರಿಗೂ ತಿಳಿಯಂಗಿಲ್ಲ. ವ್ಯವಹಾರ ಮುಗಿಯೋತನಕ ಮಾತಾಡಸಬ್ಯಾಡ್ರಿ, ದಲಾಲಿ ಸಿಟ್ಟಿಗೇಳ್ತಾನ.

ಇನ್ನೊಂದು: ಎತ್ತು ಬರೇ ಹಿಂದಕ್ಕ ಒದಿಯಂಗಿಲ್ಲ, ಹಿಂಗಾಲು ಪಕ್ಕಕ್ಕೂ ಬೀಸ್ತದ. ತೊಡಿ ಬಾಜೂಕ ನಿಲ್ಲಬ್ಯಾಡ್ರಿ. ಭುಜದ ಕಡೆ, ಅದರ ಕಣ್ಣಿಗೆ ಕಾಣೋ ಹಂಗ ನಿಲ್ರಿ. ಫ್ಲಾಶ್ ಅಂತೂ ಬ್ಯಾಡೇ ಬ್ಯಾಡ.

ಸೈಡ್ ವಿಂಗ್:
ನಾಟಕದ್ದು ನಾನು ಹೇಳುತ್ತೇನೆ. ವೃತ್ತಿ ನಾಟಕ ಕಂಪನಿಗಳು ಜಾತ್ರೆಗೆ ಬಂದು ವಾರಗಟ್ಟಲೆ ಕ್ಯಾಂಪ್ ಹಾಕುತ್ತವೆ. ಗೇಟಿನಲ್ಲಿ ಟಿಕೆಟ್ ಹರಿಯುವವರನ್ನು ಕೇಳಿ ಪ್ರಯೋಜನವಿಲ್ಲ. ಆಟಕ್ಕೆ ಗಂಟೆ ಮೊದಲೇ ಹೋಗಿ ಮಾಲೀಕರನ್ನೋ ಮ್ಯಾನೇಜರನ್ನೋ ಕಾಣಿ. 'ಫೋಟೋ ಮಾತ್ರ, ವಿಡಿಯೋ ಇಲ್ಲ' ಎಂದು ನೀವೇ ಮೊದಲು ಹೇಳಿಬಿಡಿ. ಹಾಸ್ಯದ ದೃಶ್ಯ ಯೂಟ್ಯೂಬಿಗೆ ಹೋದರೆ ಮುಂದಿನ ಕ್ಯಾಂಪಿನ ಕಲೆಕ್ಷನ್ ಬೀಳುತ್ತದೆ ಎಂಬುದೇ ಅವರ ಅಂಜಿಕೆ. ಟಿಕೆಟ್ ಮಾತ್ರ ದುಡ್ಡು ಕೊಟ್ಟೇ ತೆಗೆದುಕೊಳ್ಳಿ.

ಮೊದಲ ಸಾಲು ಚೆನ್ನ ಅನಿಸುತ್ತದೆ, ಅಲ್ಲ. ಸ್ಟೇಜಿನ ಅಂಚು ಪಾತ್ರಧಾರಿಗಳ ಪಾದ ನುಂಗುತ್ತದೆ, ಮೈಕು ಮುಖಕ್ಕೆ ಅಡ್ಡ ಬರುತ್ತದೆ. ಐದಾರನೇ ಸಾಲಿನ ಪಕ್ಕದ ಓಣಿಯಲ್ಲಿ ಜಾಗ ಹಿಡಿಯಿರಿ. 50 ಎಂಎಂ ಎಫ್/2, ಶಟರ್ 1/100, ಐಎಸ್‌ಒ 1600ರಿಂದ ಶುರು ಮಾಡಿ, ಆಮೇಲೆ ಬಣ್ಣ-ಬೆಳಕು ತಿದ್ದಲು ರಾ ಫೈಲ್ ಇರಲಿ. 1/100 ಏಕೆಂದರೆ ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಎಲ್‌ಇಡಿ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. 1/250ಕ್ಕೆ ಹೋದರೆ ಚಿತ್ರದ ತುಂಬ ಅಡ್ಡಪಟ್ಟೆ. ಎಲೆಕ್ಟ್ರಾನಿಕ್ ಶಟರ್ ಇದ್ದರೆ ಆಫ್ ಮಾಡಿ, ಅದರಲ್ಲಿ ಪಟ್ಟೆ ಇನ್ನೂ ಜಾಸ್ತಿ.

ವೈಟ್ ಬ್ಯಾಲೆನ್ಸ್ ಆಟೋ ಬೇಡ. ಕೆಂಪು ಲೈಟ್ ಬಂದಾಗೊಂದು, ನೀಲಿ ಬಂದಾಗೊಂದು ಬಣ್ಣ ಬರುತ್ತದೆ. 4000 ಕೆಲ್ವಿನ್ನಿಗೆ ಕಟ್ಟಿಹಾಕಿ. ಕೆಂಪು ಲೈಟಿನಲ್ಲಿ ಕೆಂಪು ಸೀರೆಯ ನೆರಿಗೆಗಳು ಪೂರ್ತಿ ಮಾಯವಾಗುತ್ತವೆ, ಎಕ್ಸ್‌ಪೋಷರ್ −0.7ಕ್ಕೆ ಇಳಿಸಿ, ಅಥವಾ ಬಿಳಿ ಫೋಕಸ್ ಲೈಟ್ ಬೀಳುವತನಕ ಕಾಯಿರಿ.

1/100ರಲ್ಲಿ ನಟರ ಕೈ ಅಲುಗಿದರೂ ಮಸುಕು ಎಂಬ ಚಿಂತೆ ಬೇಡ. ಕಂಪನಿ ನಟರು ಡೈಲಾಗ್ ಮುಗಿಸಿ ಚಪ್ಪಾಳೆ, ಸಿಳ್ಳೆ ಅಡಗುವವರೆಗೆ ಅದೇ ಭಂಗಿಯಲ್ಲಿ ನಿಲ್ಲುತ್ತಾರೆ. ನಿಮ್ಮ ಚಿತ್ರ ಇರುವುದು ಅಲ್ಲೇ. ಬೀಪ್ ಸದ್ದು, ಫೋಕಸ್‌ಗೆ ಉರಿಯುವ ಕೆಂಪು ದೀಪ ಎರಡನ್ನೂ ಮೊದಲೇ ಆಫ್ ಮಾಡಿ. ಪರದೆ ಹಿಂದಿನ ಮೇಕಪ್ ಜಾಗಕ್ಕೆ ಕರೆಯದೆ ಹೋಗಬೇಡಿ.

ಹಳೇ ಲೆನ್ಸ್:
ಮೇಲಿನದಕ್ಕೆ ಒಂದು ತಕರಾರು. ಹಾಡು-ಕುಣಿತಕ್ಕೆ 1/100 ಸಾಲದು. ಕ್ಯಾಮೆರಾದಲ್ಲಿ ಆಂಟಿ-ಫ್ಲಿಕರ್ ಇದ್ದರೆ ಆನ್ ಮಾಡಿ 1/250 ಹಾಕಿ, ಐಎಸ್‌ಒ 3200 ಆದರೂ ಚಿಂತೆಯಿಲ್ಲ. ಇಲ್ಲದಿದ್ದರೆ ಅವರು ಹೇಳಿದ್ದೇ ಸರಿ.

ಇಳಕಲ್ ಸೆರಗು:
ಹರಿದ್ರಾ ತೀರ್ಥದ ಹತ್ತಿರ ಸ್ವಲ್ಪ ಎಚ್ಚರ. 360 ಅಡಿ ಚೌಕದ ಹೊಂಡ, ಮೂರು ಕಡೆ ಕಲ್ಲಿನ ಮಂಟಪದ ಸಾಲು, ಪಶ್ಚಿಮ ದಂಡೆಯ ಮೇಲೆ ಗೋಪುರ. ಬೆಳಿಗ್ಗೆ ಪೂರ್ವ ದಂಡೆಗೆ ಹೋದರೆ ಸೂರ್ಯ ನಿಮ್ಮ ಬೆನ್ನಿಗೆ, ಗೋಪುರಕ್ಕೆ ನೇರ ಬಿಸಿಲು, ಗಾಳಿ ಇಲ್ಲದಿದ್ದರೆ ನೀರಿನಲ್ಲಿ ಪ್ರತಿಬಿಂಬವೂ ಸಿಗುತ್ತದೆ. ಸ್ನಾನ ಮಾಡುವ, ಸೀರೆ ಬದಲಿಸುವ ಹೆಂಗಸರು ಎಷ್ಟೇ ದೂರದಲ್ಲಿದ್ದರೂ ಫ್ರೇಮಿನೊಳಗೆ ಬೇಡ. 250 ಎಂಎಂ ಲೆನ್ಸ್ ಹೊಂಡದ ಕಡೆ ತಿರುಗಿದರೇ ಜನ ಅನುಮಾನ ಪಡುತ್ತಾರೆ, ಅದು ನ್ಯಾಯವೂ ಹೌದು. ಹರಕೆ ಹೊತ್ತವರು ಬಾಳೆದಿಂಡಿನ ತೆಪ್ಪದಲ್ಲಿ ಕೂಸನ್ನು ಕೂಡಿಸುವುದಿದ್ದರೆ ತಂದೆತಾಯಿಯನ್ನು ಮೊದಲೇ ಕೇಳಿಕೊಂಡು ಮೆಟ್ಟಿಲ ಮೇಲೆಯೇ ನಿಲ್ಲಿ. ತೆಪ್ಪ ಹಿಡಿದವರ ಕಾಲಿಗೆ ಅಡ್ಡ ಬರಬೇಡಿ, ಪಾಚಿಗೆ ಮೆಟ್ಟಿಲು ಜಾರುತ್ತದೆ. ಗರ್ಭಗುಡಿಯೊಳಗೆ ಕ್ಯಾಮೆರಾ ಚೀಲದಲ್ಲೇ ಇರಲಿ.

ಗಾಲಿಯಿಂದ ದೂರ:
ತೇರು ಸಂಜೆ. ಹಗ್ಗದ ಒಳಗೆ, ಗಾಲಿಯ ಪಕ್ಕ ಬೇಡವೇ ಬೇಡ. ಗಾಲಿಗೆ ಮರದ ತುಂಡು ಕೊಡುವವರು ಹಿಂದೆ-ಮುಂದೆ ಓಡುತ್ತಿರುತ್ತಾರೆ, ಅವರಿಗೆ ನೀವು ಕಾಣುವುದಿಲ್ಲ. ತೇರು ತಿರುವಿನಲ್ಲಿ ಯಾವ ಕಡೆ ಎಳೆಯುತ್ತದೋ ಎಳೆಯುವವರಿಗೂ ಗೊತ್ತಿರುವುದಿಲ್ಲ. ಮಧ್ಯಾಹ್ನವೇ ದಾರಿ ನೋಡಿ ಒಂದು ಮಾಳಿಗೆ ಕೇಳಿಟ್ಟುಕೊಳ್ಳಿ. ಅಷ್ಟೊತ್ತಿಗೆ ಅಲ್ಲಿ ಹೆಚ್ಚು ಜನ ಹತ್ತಿದ್ದರೆ, ಕೈಪಿಡಿಗೋಡೆ ಅಲುಗಿದರೆ ಇಳಿದುಬಿಡಿ. ಕೆಳಗೇ ಇರುವುದಾದರೆ ಬೆನ್ನಿಗೆ ಅಂಗಡಿ ಸಾಲು ಬೇಡ, ಪಕ್ಕಕ್ಕೆ ಸರಿಯಲು ಓಣಿ ಇರಬೇಕು.

ಉತ್ತತ್ತಿ, ಬಾಳೆಹಣ್ಣು ಮಳೆಯಂತೆ ಬೀಳುತ್ತವೆ. ಲೆನ್ಸ್ ಹುಡ್ ಹಾಕಿರಿ. ಹಾರುವ ಹಣ್ಣು ಸ್ಪಷ್ಟ ಬೇಕಾದರೆ 1/1000, ಗೆರೆಯಾಗಿ ಬೇಕಾದರೆ 1/60. ತೇರನ್ನು ಎಲ್ಲರೂ ತೆಗೆಯುತ್ತಾರೆ. ನನ್ನ ಸಲಹೆ: ತೇರಿಗೆ ಬೆನ್ನು ಹಾಕಿ, 18-55ರಲ್ಲಿ ಕೈಯೆತ್ತಿ ಮೇಲೆ ನೋಡುವ ಮುಖಗಳನ್ನು ತೆಗೆಯಿರಿ. ಮೊದಲೇ ಎತ್ತರದಲ್ಲಿ ನಿಂತಿದ್ದರೆ ಮಾತ್ರ ಇದು ಆಗುವ ಕೆಲಸ.

ಹುಣ್ಣಿಮೆ ಚಂದ್ರ ಸೂರ್ಯ ಮುಳುಗುವ ಹೊತ್ತಿಗೇ ಪೂರ್ವದಲ್ಲಿ ಏಳುತ್ತಾನೆ. ತೇರೋ ಗೋಪುರವೋ ಚಂದ್ರನ ಜೊತೆ ಬೇಕಾದರೆ ಅದರ ಪಶ್ಚಿಮಕ್ಕೆ ನಿಂತು 55-250 ಹಾಕಿ. ಅರ್ಧ ಗಂಟೆ ಮಾತ್ರ ಆಕಾಶ ಮತ್ತು ಚಂದ್ರನ ಬೆಳಕು ಹೊಂದುತ್ತದೆ, ಆಮೇಲೆ ಅವನು ಬರೀ ಬಿಳಿ ಚುಕ್ಕೆ.

ಡ್ರೋನ್ ತರುವ ಆಲೋಚನೆ ಇದ್ದರೆ ಬಿಡಿ; ಜನರ ನೆತ್ತಿಯ ಮೇಲೆ ಹಾರಿಸುವಂತಿಲ್ಲ.

ಹಳೇ ಲೆನ್ಸ್:
ಧೂಳಿನ ಮಾತು ಯಾರೂ ಎತ್ತಲಿಲ್ಲ. ದನದ ಬಯಲಿನಲ್ಲಿ ಲೆನ್ಸ್ ಬಿಚ್ಚಬೇಡಿ. ಬೆಳಿಗ್ಗೆ 55-250, ಹಗಲು 18-55, ರಾತ್ರಿ 50; ಬದಲಿಸುವುದೇನಿದ್ದರೂ ರೂಮಿನಲ್ಲಿ. ಗಾಜಿನ ಮೇಲೆ ಧೂಳು ಕೂತರೆ ಮೊದಲು ಬ್ಲೋವರ್, ಆಮೇಲೆ ಬಟ್ಟೆ. ಜನ ತುಂಬಿದ ಮೇಲೆ ಫೋನ್ ಸಿಗ್ನಲ್ ನೆಚ್ಚಬೇಡಿ. ಜೊತೆಗಾರರಿದ್ದರೆ ಸೇರುವ ಜಾಗ ಮೊದಲೇ ಹೇಳಿಡಿ. ಚೀಲ ಎದೆಯ ಮುಂದೆ ಇರಲಿ.